ವಿಶೇಷ ಶಾಲೆಯಿಂದ ಸಾಮಾನ್ಯ ತರಗತಿಗೆ: ಮಿಥು ಅಲೂರ್ ಅವರ ಹಾದಿ

ಹುಟ್ಟುವ ಮುನ್ನ, ಹೆರಿಗೆಯ ಹೊತ್ತಿನಲ್ಲಿ ಅಥವಾ ಎಳವೆಯಲ್ಲಿ ಮಿದುಳಿಗೆ ಆದ ಹಾನಿಯಿಂದ ಕೈಕಾಲುಗಳ ಚಲನೆ, ಮೈಯ ಭಂಗಿ ಮತ್ತು ಎಷ್ಟೋ ವೇಳೆ ಮಾತೂ ಹಿಡಿತಕ್ಕೆ ಸಿಗದಂತಾಗುವ ಸ್ಥಿತಿಗೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ; ಅಂಥ ಮಗುವಿನ ಬುದ್ಧಿಶಕ್ತಿಯೂ ಕುಂದಿರಲೇಬೇಕೆಂದಿಲ್ಲ. 1970ರ ದಶಕದ ಆರಂಭದ ಭಾರತದಲ್ಲಿ ಈ ವ್ಯತ್ಯಾಸವನ್ನು ಅರಿತ ಶಾಲೆಗಳು ತೀರ ವಿರಳವಾಗಿದ್ದವು. ಮಾತು ತೊಡರುವ, ಜೊಲ್ಲು ಸುರಿಯುವ, ಪೆನ್ಸಿಲ್ ಹಿಡಿಯಲಾಗದ ಮಗುವಿಗೆ ಓದು ಹತ್ತದೆಂದು ಪರೀಕ್ಷಿಸದೆಯೇ ತೀರ್ಮಾನಿಸುವುದು ರೂಢಿಯಾಗಿತ್ತು.

ಸೆರೆಬ್ರಲ್ ಪಾಲ್ಸಿ ಇದ್ದ ಮಗಳು ಮಾಲಿನಿಗಾಗಿ ಇಂಗ್ಲೆಂಡಿನಲ್ಲಿ ನೆರವು ಅರಸಿ, ಲಂಡನ್ನಿನಲ್ಲಿ ವಿಶೇಷ ಶಿಕ್ಷಣದ ತರಬೇತಿಯನ್ನೂ ಪಡೆದ ಮಿಥು ಅಲೂರ್ 1972ರಲ್ಲಿ ಮುಂಬಯಿಯ ಕೊಲಾಬಾದಲ್ಲಿ ಶಾಲೆಯೊಂದನ್ನು ತೆರೆದದ್ದು ಈ ಸನ್ನಿವೇಶದಲ್ಲಿ. ಪಾಠವೂ ಚಿಕಿತ್ಸೆಯೂ ಒಂದೇ ಸೂರಿನಡಿ ನಡೆಯಬೇಕೆಂಬುದು ಅದರ ಮೂಲತತ್ತ್ವವಾಗಿತ್ತು. ಮೈ ವಾಲದಂತೆ ಆನಿಕೆ ಕೊಟ್ಟು ಮಗುವನ್ನು ಕುರ್ಚಿಯಲ್ಲಿ ಸರಿಯಾಗಿ ಕೂರಿಸುವುದು ಫಿಸಿಯೋಥೆರಪಿಯ ಕೆಲಸವೆಂದು ಮೇಲ್ನೋಟಕ್ಕೆ ಕಂಡರೂ, ಕುತ್ತಿಗೆ ನಿಂತರೆ ಮಾತ್ರ ಕಣ್ಣು ಪುಟದ ಮೇಲೆ ನಿಲ್ಲುವುದರಿಂದ ಓದು ಆರಂಭವಾಗುವುದೇ ಅಲ್ಲಿ. ಮಾತು ಹೊರಡದ ಮಗು ಅಕ್ಷರ ಅಥವಾ ಚಿತ್ರಗಳ ಫಲಕವನ್ನು ಬೆರಳಿನಿಂದಲೋ ನೋಟದಿಂದಲೋ ತೋರಿಸಿ ಉತ್ತರ ಹೇಳಬಲ್ಲದು. ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಹೆಸರಿನಲ್ಲಿ ಬೆಳೆದ ಈ ಪ್ರಯತ್ನದ ಮಾದರಿ ಕಲ್ಕತ್ತಾ, ದೆಹಲಿಗಳಿಗೆ ಹಬ್ಬಿತು. ಬೆಂಗಳೂರಿನಲ್ಲಿ 1980ರಲ್ಲಿ ಆರಂಭವಾದ ಕೇಂದ್ರ ಇಂದು ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಎಂದು ಪರಿಚಿತವಾಗಿದೆ. 1989ರಲ್ಲಿ ಅಲೂರ್ ಅವರಿಗೆ ಪದ್ಮಶ್ರೀ ಸಂದಿತು.

ಇಷ್ಟಕ್ಕೇ ನಿಂತಿದ್ದರೂ ಅದು ಸಾರ್ಥಕ ಸೇವೆಯೆನಿಸುತ್ತಿತ್ತು. ಆದರೆ ಅವರ ವೃತ್ತಿಜೀವನದ ನಿಜವಾದ ಹಿರಿಮೆಯಿರುವುದು, ತಾವೇ ಕಟ್ಟಿದ ಪ್ರತ್ಯೇಕ ಶಾಲೆಯ ಮಿತಿಯನ್ನು ಒಪ್ಪಿಕೊಂಡು ಅದರಾಚೆಗೆ ನಡೆದುದರಲ್ಲಿ. 1990ರ ದಶಕದಲ್ಲಿ ಲಂಡನ್ ವಿಶ್ವವಿದ್ಯಾಲಯದಲ್ಲಿ ಕೈಗೊಂಡ ಸಂಶೋಧನೆಯಲ್ಲಿ ಅವರು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು, ಅಂದರೆ 1975ರಲ್ಲಿ ಬಡಮಕ್ಕಳ ಆಹಾರ, ಆರೋಗ್ಯ, ಶಾಲಾಪೂರ್ವ ಶಿಕ್ಷಣಗಳಿಗಾಗಿ ಆರಂಭವಾದ ಕಾರ್ಯಕ್ರಮವನ್ನು ಪರಿಶೀಲಿಸಿ, ಎಲ್ಲ ಮಕ್ಕಳಿಗೂ ಎಂದು ಸಾರಿದ ಆ ಯೋಜನೆಯಿಂದ ಅಂಗವಿಕಲ ಮಕ್ಕಳು ಹೊರಗುಳಿದಿದ್ದಾರೆಂದು ತೋರಿಸಿದರು. ನಗರದ ಕೆಲವು ವಿಶೇಷ ಶಾಲೆಗಳು ಎಷ್ಟೇ ಚೆನ್ನಾಗಿ ನಡೆದರೂ ಊರೂರಿನ ಅಂಗನವಾಡಿಯ ಬಾಗಿಲು ಮುಚ್ಚಿಯೇ ಇದ್ದರೆ ಬಹುಪಾಲು ಮಕ್ಕಳಿಗೆ ಶಿಕ್ಷಣವೇ ಇಲ್ಲ. ಈ ವಾದವನ್ನು ಅಲ್ಲಗಳೆಯುವುದು ಇಂದಿಗೂ ಕಷ್ಟ. 1999ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಪನ್ಮೂಲ ಕೇಂದ್ರದ ಮೂಲಕ ಮಕ್ಕಳನ್ನು ನೆರೆಯ ಸಾಮಾನ್ಯ ಶಾಲೆಗಳಿಗೆ ಸೇರಿಸುವ, ಅಲ್ಲಿನ ಶಿಕ್ಷಕರನ್ನು ಅಣಿಗೊಳಿಸುವ ಕೆಲಸ, ಅಂದರೆ ಸಮನ್ವಯ ಶಿಕ್ಷಣ, ಸಂಸ್ಥೆಯ ಮುಖ್ಯ ಗುರಿಯಾಯಿತು. ಮಾಲಿನಿ ಮುಂಬಯಿಯ ಸೇಂಟ್ ಜೇವಿಯರ್ಸ್ ಕಾಲೇಜಿನಲ್ಲಿ ಪದವಿ, ಲಂಡನ್ನಿನಲ್ಲಿ ಸ್ನಾತಕೋತ್ತರ ಪದವಿ ಪಡೆದು, ಒಂದೇ ಬೆರಳಿನಿಂದ ಟೈಪ್ ಮಾಡಿ ಆತ್ಮಕಥೆ ಬರೆದರು.

ಮಿದುಳುಗಳ ಭಿನ್ನ ರೀತಿಗಳನ್ನು ಕೊರತೆಯೆಂದಲ್ಲದೆ ಮನುಷ್ಯರ ಸಹಜ ವೈವಿಧ್ಯವೆಂದು ಕಾಣುವ ನರವೈವಿಧ್ಯದ ವಿಚಾರ ರೂಪುಗೊಂಡದ್ದೂ 1990ರ ದಶಕದಲ್ಲೇ. ಆಟಿಸಂ ಇರುವವರು ಎತ್ತಿದ ಈ ದನಿಗೂ ಸಮನ್ವಯ ಶಿಕ್ಷಣಕ್ಕೂ, ಮಗು ಶಾಲೆಗೆ ಒಗ್ಗುವ ಬದಲು ಶಾಲೆ ಮಗುವಿಗೆ ಒಗ್ಗಬೇಕೆಂಬ ಬೇಡಿಕೆ ಸಮಾನ. ಭಾರತದ 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಆಗಲಿ, ಡಿಸ್ಲೆಕ್ಸಿಯಾದಂಥ ಕಲಿಕಾ ತೊಡಕುಗಳಾಗಲಿ ಇರಲಿಲ್ಲ. 21 ವರ್ಗಗಳ 2016ರ ಕಾಯ್ದೆ ಎರಡನ್ನೂ ಸೇರಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಅಂಗವಿಕಲ ಮಕ್ಕಳನ್ನು ಅವಕಾಶವಂಚಿತರ ಗುಂಪಿಗೆ ಸೇರಿಸಿತಾದರೂ, ತೀವ್ರ ಅಥವಾ ಬಹುವಿಧ ವೈಕಲ್ಯವಿರುವವರಿಗೆ ಗೃಹಾಧಾರಿತ ಶಿಕ್ಷಣದ ಆಯ್ಕೆಯನ್ನೂ ತೆರೆಯಿತು. ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಅದು ಆಸರೆ. ಆದರೆ ಗಾಲಿಕುರ್ಚಿ ಹತ್ತುವ ಇಳಿಜಾರನ್ನು ಕಟ್ಟಲು ಮನಸ್ಸಿಲ್ಲದ ಶಾಲೆಗೆ ಅದೇ ಸುಲಭದ ನೆಪವೂ ಆಗಬಲ್ಲದು.