ಕಂಪ್ಯೂಟರ್ ಜೋಡಿಸಲು ಲ್ಯಾಮಿಂಗ್ಟನ್ ರಸ್ತೆಗೆ ಹೊರಟಿದ್ದೀರಾ? ಪವರ್ ಸಪ್ಲೈನಲ್ಲಿ ಜಿಪುಣತನ ಬೇಡ

ಮುಂಬೈನಲ್ಲಿ ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದದ್ದು ಗ್ರ್ಯಾಂಟ್ ರೋಡ್ ನಿಲ್ದಾಣದ ಸಮೀಪದ ಲ್ಯಾಮಿಂಗ್ಟನ್ ರಸ್ತೆ. ಇದರ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ.

ಅಂಗಡಿಗೆ ಹೋಗುವ ಮುನ್ನವೇ ಪಟ್ಟಿ ಸಿದ್ಧವಿರಲಿ. ಪ್ರೊಸೆಸರ್‌ಗೆ ಹೊಂದುವ ಸಾಕೆಟ್ ಮದರ್‌ಬೋರ್ಡ್‌ನಲ್ಲಿ ಇರಬೇಕು. ಎಎಂಡಿಯ ಎಎಂ5 ಸಾಕೆಟ್ ಬೋರ್ಡ್‌ಗಳಿಗೆ ಡಿಡಿಆರ್5 ರ‍್ಯಾಮ್ ಮಾತ್ರ ಹೊಂದುತ್ತದೆ. ಹಳೆಯ ಡಿಡಿಆರ್4 ಅದರಲ್ಲಿ ಕೂರುವುದೇ ಇಲ್ಲ. ಗೇಮಿಂಗ್‌ಗಾದರೆ ಗ್ರಾಫಿಕ್ಸ್ ಕಾರ್ಡ್‌ಗೆ ಹೆಚ್ಚು ಹಣ ಮೀಸಲಿಡಿ.

ಆದರೆ ಅದಕ್ಕಾಗಿ ಅಗ್ಗದ ಪವರ್ ಸಪ್ಲೈ ಕೊಳ್ಳಬೇಡಿ. ಅದು ಕೆಟ್ಟರೆ ದುಬಾರಿ ಕಾರ್ಡ್ ಕೂಡ ಸುಟ್ಟುಹೋಗಬಹುದು. 80 ಪ್ಲಸ್ ಗುರುತು ವಿದ್ಯುತ್ ಎಷ್ಟು ಪೋಲಾಗುವುದಿಲ್ಲ ಎಂಬುದನ್ನಷ್ಟೇ ಹೇಳುತ್ತದೆ, ಸುರಕ್ಷತೆಯನ್ನಲ್ಲ. ಹೀಗಾಗಿ ವಾರಂಟಿ ಎಷ್ಟು ವರ್ಷ ಎಂಬುದನ್ನೂ ನೋಡಿ.

ಬೆಲೆ ಇಳಿಸುತ್ತಾರೆಂದು ಜಿಎಸ್‌ಟಿ ಬಿಲ್ ಬಿಟ್ಟುಕೊಡಬೇಡಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡರೆ ಮುಂದೆ ವಾರಂಟಿ ಕೇಳುವುದು ಸುಲಭ.