ನೋವಿನ ಗೆರೆಯ ಆಚೆ

ಮೂಲವ್ಯಾಧಿಗೆ ಕಾದ ಕಬ್ಬಿಣವಿಡುವ ಗ್ರೀಕ್ ವೈದ್ಯರು ರೋಗಿಯ ತಲೆ, ಕೈಗಳನ್ನು ಬಿಗಿಯಾಗಿ ಹಿಡಿಸುತ್ತಿದ್ದರು. ಅವನು ಕಿರುಚಿದಷ್ಟೂ ಒಳ್ಳೆಯದು, ಕಿರುಚಿದಾಗ ಗುದ ಹೊರಚಾಚುತ್ತದೆ ಎಂದು ಹಿಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥ ಯಾವ ಮರುಕವೂ ಇಲ್ಲದೆ ಹೇಳುತ್ತದೆ. ನಮ್ಮ ಸುಶ್ರುತ ಮೊಳೆ ನೋಡಿ ಉಪಾಯ ಹೂಡಿದವನು: ಹೊಸದಾಗಿದ್ದರೆ ಮದ್ದು, ಮೆತ್ತಗಿದ್ದರೆ ಕ್ಷಾರ, ಗಟ್ಟಿಯಾಗಿ ಒರಟಾಗಿದ್ದರೆ ಬೆಂಕಿ, ಬುಡ ಸಣ್ಣಗಿದ್ದರೆ ಶಸ್ತ್ರ.

1835ರಲ್ಲಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಫ್ರೆಡರಿಕ್ ಸಾಲ್ಮನ್ ಗುದರೋಗದ ಬಡವರಿಗೆಂದೇ ಏಳು ಹಾಸಿಗೆಯ ಆಸ್ಪತ್ರೆ ತೆರೆದ. ಮುಂದೆ ಸೇಂಟ್ ಮಾರ್ಕ್ಸ್ ಎಂದು ಹೆಸರಾದದ್ದು ಅದೇ. 1841ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗೆ ಭಗಂದರದ ಶಸ್ತ್ರಚಿಕಿತ್ಸೆ ಮಾಡಿದವನೂ ಸಾಲ್ಮನ್ನನೇ. ಈಥರ್ ಅರಿವಳಿಕೆ ಬರಲು ಇನ್ನೂ ಐದು ವರ್ಷವಿತ್ತು. ಡಿಕನ್ಸ್ ಪಟ್ಟ ಪಾಡನ್ನು ಊಹಿಸಬಹುದು.

ಅದೇ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ವಿವರಿಸಿದ ವಿಧಾನ ಇಂದಿಗೂ ನಡೆಯುತ್ತಿದೆ: ಮೊಳೆಯನ್ನು ಕತ್ತರಿಸಿ ತೆಗೆದು, ಗಾಯವನ್ನು ಹೊಲಿಯದೆ ತಾನಾಗಿ ಮಾಯಲು ಬಿಡುವುದು. ರೋಗ ಹೋಗುತ್ತದೆ. ಆದರೆ ಮೊದಲ ಸಲ ಮಲವಿಸರ್ಜನೆಗೆ ಹೋಗುವಾಗ ರೋಗಿಗೆ ಜೀವ ಬಾಯಿಗೆ ಬರುತ್ತದೆ.

ಇದಕ್ಕೆ ಕಾರಣ ದೇಹರಚನೆಯಲ್ಲೇ ಇದೆ. ಗುದದ್ವಾರದಿಂದ ಸುಮಾರು ಎರಡು ಸೆಂಟಿಮೀಟರ್ ಒಳಗೆ ಅಂಕುಡೊಂಕಾದ ಒಂದು ಗೆರೆಯಿದೆ. ಅದರ ಕೆಳಗಿನ ಭಾಗ ಸೂಜಿ ಚುಚ್ಚಿದರೂ ಉರಿಯುತ್ತದೆ. ಮೇಲಿನ ಕರುಳಿನ ಪೊರೆಗೆ ಕತ್ತರಿಸಿದ ನೋವು ಗೊತ್ತಾಗುವುದೇ ಇಲ್ಲ. ಅಮೆರಿಕದ ಬ್ಯಾರನ್ 1963ರಲ್ಲಿ ಬಳಕೆಗೆ ತಂದ ಪುಟ್ಟ ರಬ್ಬರ್ ಬ್ಯಾಂಡ್ ನೆಚ್ಚಿಕೊಂಡದ್ದು ಇದನ್ನೇ. ಗೆರೆಯ ಮೇಲೆ ಬ್ಯಾಂಡ್ ಬಿಗಿದರೆ ರಕ್ತ ಸಿಗದೆ ಒಣಗಿದ ಭಾಗ ಕೆಲವು ದಿನಗಳಲ್ಲಿ ಉದುರುತ್ತದೆ. ಆದರೆ ಪೂರ್ತಿ ಹೊರಜಾರಿ, ಕೈಯಿಂದ ಒಳಗೆ ತಳ್ಳಿಕೊಳ್ಳಬೇಕಾದ ದೊಡ್ಡ ಮೊಳೆಗಳಿಗೆ ಅದು ಅಷ್ಟಾಗಿ ಸಾಲದು.

1975ರಲ್ಲಿ ಬ್ರಿಟನ್ನಿನ ಥಾಮ್ಸನ್ ಮೊಳೆ ಎಂಬುದೇ ಹೊಸ ಬೆಳವಣಿಗೆಯಲ್ಲ ಎಂದ. ಎಲ್ಲರ ಗುದನಾಳದಲ್ಲೂ ಇರುವ ಮೆತ್ತನೆಯ ರಕ್ತಭರಿತ ದಿಂಬುಗಳೇ ಆಸರೆ ತಪ್ಪಿ ಜಾರಿದಾಗ ಮೂಲವ್ಯಾಧಿ. ಜಾರಿದ್ದನ್ನು ಕತ್ತರಿಸುವ ಬದಲು ಎತ್ತಿ ಕೂರಿಸಬಾರದೇಕೆ?

ಇಟಲಿಯ ಆಂಟೋನಿಯೊ ಲಾಂಗೊ 1998ರಲ್ಲಿ ಮಾಡಿದ್ದು ಅದನ್ನೇ. ಕರುಳು ಜೋಡಿಸುವ ವೃತ್ತಾಕಾರದ ಸ್ಟೇಪ್ಲರನ್ನು ಒಳತೂರಿಸಿ, ಗೆರೆಯ ಮೇಲೆ ಪೊರೆಯ ಒಂದು ಬಳೆಯನ್ನು ಕತ್ತರಿಸಿ, ಅದೇ ಕ್ಷಣದಲ್ಲಿ ಎರಡು ಅಂಚುಗಳನ್ನೂ ಪಿನ್ನುಗಳಿಂದ ಕೂಡಿಸುವುದು. ಜಾರಿದ ದಿಂಬು ಮೇಲಕ್ಕೆಳೆದುಕೊಳ್ಳುತ್ತದೆ, ಹೊರಗೆ ಗಾಯವೇ ಇಲ್ಲ. ಇದಕ್ಕೂ ಮೂರು ವರ್ಷ ಮೊದಲೇ ಜಪಾನಿನ ಮೊರಿನಾಗ, ಡಾಪ್ಲರ್ ಸದ್ದಿನಿಂದ ರಕ್ತನಾಳ ಹುಡುಕಿ ಹೊಲಿದು ಕಟ್ಟುವ ದಾರಿ ತೋರಿಸಿದ್ದ.

ಸ್ಟೇಪ್ಲರ್ ಜಗತ್ತನ್ನೇ ಸುತ್ತಿತು. ಅಪರೂಪಕ್ಕಾದರೂ ಗುದನಾಳ ತೂತಾಗಿ ಸೋಂಕು ಹರಡಿದ ಪ್ರಕರಣಗಳೂ ವರದಿಯಾದವು. 2016ರಲ್ಲಿ ಬ್ರಿಟನ್ನಿನ 777 ರೋಗಿಗಳ ಅಧ್ಯಯನವೊಂದು ಹೊಸದನ್ನೂ ಹಳೆಯದನ್ನೂ ತೂಗಿ ನೋಡಿತು. ಮೊದಲ ವಾರಗಳಲ್ಲಿ ಸ್ಟೇಪ್ಲರಿನವರಿಗೆ ನೋವು ಕಡಿಮೆ. ಎರಡು ವರ್ಷದ ಲೆಕ್ಕದಲ್ಲಿ ಮಾತ್ರ ಹಳೆಯ ಕತ್ತರಿಯವರೇ ನೆಮ್ಮದಿಯಾಗಿದ್ದರು, ಅವರಲ್ಲಿ ರೋಗ ಮರುಕಳಿಸಿದ್ದೂ ಕಡಿಮೆ, ಖರ್ಚೂ ಕಡಿಮೆ.

ಅದೇ ವರ್ಷದ ಇನ್ನೊಂದು ಬ್ರಿಟಿಷ್ ಅಧ್ಯಯನ ಡಾಪ್ಲರ್ ಹೊಲಿಗೆಯನ್ನು ರಬ್ಬರ್ ಬ್ಯಾಂಡಿನ ಎದುರು ನಿಲ್ಲಿಸಿತು. ವರ್ಷದೊಳಗೆ ಹೊಲಿಗೆಯವರಲ್ಲಿ ನೂರಕ್ಕೆ 30, ಬ್ಯಾಂಡಿನವರಲ್ಲಿ 49 ಮಂದಿಗೆ ತೊಂದರೆ ಮರಳಿತ್ತು. ಆದರೆ ಬ್ಯಾಂಡಿಗೆ ಸಿಕ್ಕದ್ದು ಒಂದೇ ಸರದಿ. ಎರಡನೆಯ ಸಲ ಹಾಕಿಸಿಕೊಳ್ಳುವುದನ್ನೂ ಚಿಕಿತ್ಸೆಯ ಭಾಗವೆಂದೇ ಎಣಿಸಿದರೆ, ದುಬಾರಿ ಹೊಲಿಗೆಗೂ ಅಗ್ಗದ ಬ್ಯಾಂಡಿಗೂ ಹೇಳಿಕೊಳ್ಳುವಂಥ ಅಂತರ ಉಳಿಯಲಿಲ್ಲ.