ಘಟಪ್ರಭೆಯ ಕಾಲುವೆಯ ನೀರು

ಇಂಗ್ಲೆಂಡಿನ ಹಳೆಯ ಕಾಲುವೆಗಳ ದಂಡೆಯಲ್ಲಿ ಕುದುರೆಗಳು ಹಗ್ಗದಿಂದ ದೋಣಿಗಳನ್ನು ಎಳೆದೊಯ್ಯುತ್ತಿದ್ದುವೆಂದು ನಾವು ಓದಿರುವೆವು. ಗೋಕಾಕ ಸೀಮೆಯ ಕಾಲುವೆಗೆ ದೋಣಿಯ ಮಾತಿಲ್ಲ. ಅದರ ಏರಿಯ ಮೇಲೆ ನಡೆಯುವವನು ತನ್ನ ಸರದಿಯ ನೀರು ಬಂದಿತೋ ಇಲ್ಲವೋ ಎಂದು ನೋಡಲು ಹೊರಟ ರೈತನು. ಆದುದರಿಂದ ಇಲ್ಲಿ ವ್ಯಾಜ್ಯವೇಳುವುದು ದಾರಿಗಾಗಿ ಅಲ್ಲ, ನೀರಿಗಾಗಿ.

1876–78ರ ಘೋರ ಕ್ಷಾಮವು ಬೆಳಗಾವಿ, ಕಲಾದಗಿ ಪ್ರಾಂತಗಳನ್ನು ಹಿಂಡಿಹೋದುದನ್ನು ಕಂಡ ತಲೆಮಾರಿನವರ ಜೀವಿತಕಾಲದಲ್ಲಿಯೇ, ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ, ಧೂಪದಾಳದಲ್ಲಿ ನದಿಗೆ ಒಡ್ಡು ಕಟ್ಟಿ ಎಡದಂಡೆಗೆ ಕಾಲುವೆ ತೆಗೆದರು. ಅಲ್ಲಿಂದ ಸ್ವಲ್ಪವೇ ಕೆಳಗೆ, ನದಿಯು ಸುಮಾರು 170 ಅಡಿ ಧುಮುಕುವೆಡೆಯಲ್ಲಿ, 1887ರಲ್ಲಿ ನೂಲಿನ ಗಿರಣಿಯೊಂದು ಕೆಲಸವನ್ನಾರಂಭಿಸಿತು. ಹೀಗೆ ಒಕ್ಕಲುತನವೂ ಯಂತ್ರೋದ್ಯಮವೂ ಒಂದೇ ಹೊಳೆಯನ್ನು ನೆಚ್ಚಿ ಬಾಳಿದುವು. ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವುಂಟು. ಗಿರಣಿಯ ಚಕ್ರಗಳಿಗೆ ಬೇಕಾದುದು ನೀರಿನ ಬೀಳಿನ ಬಲ. ಚಕ್ರವನ್ನು ತಿರುಗಿಸಿದ ನೀರು ಮತ್ತೆ ಹೊಳೆಯನ್ನೇ ಸೇರುತ್ತಿದ್ದಿತು.

ಸ್ವಾತಂತ್ರ್ಯಾನಂತರ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟೆದ್ದಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರು ಹೊತ್ತ ಆ ಜಲಾಶಯದ ಧಾರಣೆ ಸುಮಾರು 51 ಟಿಎಂಸಿ, ಅಂದರೆ 5,100 ಕೋಟಿ ಘನ ಅಡಿ. ಎಡದಂಡೆಯ ಕಾಲುವೆಯು 109 ಕಿಲೋಮೀಟರುಗಳಿಗೆ ಬೆಳೆಯಿತು. ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ: ಹುನ್ನೂರಿನ ವಿಠ್ಠಲ ದೇವಾಲಯವು ನೀರಿನಡಿಗಾಯಿತು, ಬೇಸಗೆಯಲ್ಲಿ ನೀರು ತಗ್ಗಿದಾಗ ಮಾತ್ರ ಅದು ಕಣ್ಣಿಗೆ ಬೀಳುವುದು.

ಈ ನೀರನ್ನು ಕೊಳವೆಯ ಮೂಲಕ ಹುಬ್ಬಳ್ಳಿ-ಧಾರವಾಡದ ಕೈಗಾರಿಕಾ ಪ್ರದೇಶಕ್ಕೆ ಒಯ್ಯುವ ಯೋಜನೆಗೆ 2025ರಲ್ಲಿ ಬೆಳಗಾವಿಯಲ್ಲಿ ಬಲವಾದ ವಿರೋಧ ಹುಟ್ಟಿತು. ರೈತರೂ ಕನ್ನಡ ಸಂಘಟನೆಗಳವರೂ ಬೀದಿಗಿಳಿದರು. ಬೆಳಗಾವಿ ನಗರವೇ ಕುಡಿಯಲು ಹಿಡಕಲ್ಲನ್ನು ನೆಚ್ಚಿರುವಾಗ, ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಲಪುವುದೇ ಕಷ್ಟವಾಗಿರುವಾಗ, ಹೊರಗಿನ ಕಾರ್ಖಾನೆಗಳಿಗೆ ಪಾಲೇಕೆಂಬುದು ಅವರ ಪ್ರಶ್ನೆ.

ಕೇಳಿದ ಪ್ರಮಾಣ 0.58 ಟಿಎಂಸಿ. ಜಲಾಶಯದ ನೂರರಲ್ಲಿ ಒಂದಂಶಕ್ಕಿಂತ ಕೊಂಚ ಹೆಚ್ಚು. ಇಷ್ಟಕ್ಕೆ ಇಷ್ಟು ರಂಪವೇ ಎಂದು ಯೋಜನೆಯ ಪಕ್ಷದವರು ಕೇಳಬಹುದು. ಲೆಕ್ಕವೇನೋ ಸರಿ. ಆದರೆ ಅದು ತುಂಬಿದ ಜಲಾಶಯದ ಲೆಕ್ಕ. ಮಳೆ ಕೈಕೊಟ್ಟ ವರ್ಷದಲ್ಲಿ ರೈತನ ಸರದಿಯನ್ನು ಮುಂದೂಡಬಹುದು, ಊರಿನ ನಲ್ಲಿಯನ್ನು ದಿನ ಬಿಟ್ಟು ದಿನ ತೆರೆಯಬಹುದು; ಕಾರ್ಖಾನೆಯಾದರೋ ವರ್ಷವಿಡೀ ದಿನಕ್ಕೆ ಸುಮಾರು ನಾಲ್ಕೂವರೆ ಕೋಟಿ ಲೀಟರಿನಂತೆ ಒಂದೇ ಸಮನೆ ಬಯಸುವುದು. ಬರಗಾಲದಲ್ಲಿ ಮೊದಲು ಯಾರ ಪಾಲನ್ನು ಕಡಿಯಬೇಕೆಂಬುದನ್ನು ಕೊಳವೆ ಹೂಳುವ ಮುನ್ನವೇ ಬರೆದಿಡಬೇಕೆಂದು ನಮ್ಮ ಅಭಿಪ್ರಾಯ. ಗೋಕಾಕದ ಗಿರಣಿಯ ಪೂರ್ವೋದಾಹರಣೆಯನ್ನು ಇಲ್ಲಿ ತಂದೊಡ್ಡುವುದು ಸಲ್ಲದು. ಅಲ್ಲಿ ದುಡಿದ ನೀರು ಧಬಧಬೆಯ ಕೆಳಗೆ ಮರಳಿ ದೊರೆಯುತ್ತಿದ್ದಿತು. ಕೊಳವೆಯಲ್ಲಿ ಧಾರವಾಡದ ದಿಬ್ಬವನ್ನೇರಿದ ನೀರನ್ನು ಕಾಲುವೆಯ ಕೊನೆಯ ರೈತನು ಮತ್ತೆ ಕಾಣನು.